ಸಂಕಲೆ ಬಿಚ್ಚಿದರೆ ನಾಯಿ ಕೆಡುವುದಿಲ್ಲ

ನಮ್ಮ ಕಾಸರಗೋಡಿನ ತೋಟದ ಮನೆಗಳಲ್ಲಿ ಒಂದು ನಂಬಿಕೆ ಬೇರೂರಿದೆ. ಹಗಲಿಡೀ ಕಟ್ಟಿಹಾಕಿದ ನಾಯಿಯೇ ರಾತ್ರಿ ಚೆನ್ನಾಗಿ ಕಾಯುತ್ತದೆಯಂತೆ. ಬೇರೆ ನಾಯಿಗಳ ಜತೆ ಆಡಲು ಬಿಟ್ಟರೆ ಕೆಟ್ಟುಹೋಗುತ್ತದೆಯಂತೆ. ಹೀಗೆ ಹೇಳುವವರಲ್ಲಿ ನನ್ನ ಭಾವನೂ ಒಬ್ಬರು. ಅವರೊಡನೆ ವಾದಿಸಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ. (ಅವರು ಓದುತ್ತಾರೆ, ಲೈಕ್ ಮಾತ್ರ ಒತ್ತುವುದಿಲ್ಲ.)

ಬದಿಯಡ್ಕದ ಹತ್ತಿರ ನಮ್ಮ ಮನೆಯಲ್ಲಿರುವ ದಾಸು, ಪೆರ್ಲದ ಅಕ್ಕನ ಮನೆಯ ಬೊಗ್ಗ, ಎರಡೂ ಒಂದೇ ತಾಯಿಯ ಮರಿಗಳು. ಅಕ್ಕ ತವರಿಗೆ ಬರುವಾಗ ಬೊಗ್ಗನನ್ನೂ ಜೀಪಿಗೆ ಹತ್ತಿಸುತ್ತಾಳೆ. ಮನೆಯ ಹಿಂದೆ ಮುರಕಲ್ಲಿನ ಪದವು, ಎಂದರೆ ಎತ್ತರದ ಬಯಲು. ಮಳೆ ಬಿಟ್ಟ ಮೇಲೂ ಅಲ್ಲಿನ ಹೊಂಡಗಳಲ್ಲಿ ನೀರು, ಸುತ್ತಲೂ ಮುಳಿಹುಲ್ಲು. ಎರಡನ್ನೂ ಅಲ್ಲಿಗೆ ಬಿಡುತ್ತೇವೆ. ಮೊದಲು ಬಿಗಿಯಾಗಿ ನಿಂತು ಒಂದರ ಬಾಲವನ್ನು ಇನ್ನೊಂದು ಮೂಸುತ್ತವೆ. ಆಮೇಲೆ ದಾಸು ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಹಿಂಭಾಗವನ್ನು ಮೇಲಕ್ಕೆತ್ತುತ್ತದೆ. ಅಷ್ಟೇ, ಇನ್ನು ಹಿಡಿಯುವವರಿಲ್ಲ. ಹೊಂಡಕ್ಕೆ ಧುಮುಕಿ, ಹುಲ್ಲಿನಲ್ಲಿ ಉರುಳಿ, ಕೆಸರು ಮೈಯಲ್ಲೇ ನಮ್ಮ ಮೇಲೆ ಹಾಯ್ದು ಹೋಗುತ್ತವೆ. ಬೊಗ್ಗನಿಗೆ ಬಲ ಹೆಚ್ಚು, ಆದರೂ ಆಗಾಗ ತಾನಾಗಿಯೇ ಅಂಗಾತ ಬಿದ್ದು ದಾಸುವಿಗೆ ಗೆಲ್ಲಲು ಬಿಡುತ್ತದೆ. ಕತ್ತಿನ ಚರ್ಮವನ್ನು ಬಾಯಲ್ಲಿ ಹಿಡಿದರೂ ಹಲ್ಲು ಊರುವುದಿಲ್ಲ. ಒಂದು ಕುಂಯ್‌ಗುಟ್ಟಿದರೆ ಇನ್ನೊಂದು ತಟ್ಟನೆ ಬಿಡುತ್ತದೆ.

ಆ ಮುಂಗಾಲು ಚಾಚುವ ಭಂಗಿಯನ್ನು ಮಾರ್ಕ್ ಬೆಕಾಫ್ ಎಂಬ ವಿಜ್ಞಾನಿ 1995ರಲ್ಲೇ ವಿವರಿಸಿದ್ದಾರೆ. ಜಗಳವೆಂದು ತಪ್ಪು ತಿಳಿಯಬಹುದಾದ ಕಚ್ಚಾಟದ ಹಿಂದೆ ಮುಂದೆ ನಾಯಿಗಳು ಅದನ್ನು ಹೆಚ್ಚಾಗಿ ತೋರಿಸುತ್ತವೆ. ಇದು ಆಟ, ಮುನಿಯಬೇಡ ಎಂಬ ಸೂಚನೆ ಅದು. ಎಷ್ಟು ಕಚ್ಚಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಾಯಿ ಹೆಚ್ಚಾಗಿ ಕಲಿಯುವುದು ಇನ್ನೊಂದು ನಾಯಿಯಿಂದ. ಅಡಿಕೆ ಅಂಗಳದ ಮೂಲೆಯ ಕಂಬ ಅದನ್ನು ಕಲಿಸುವುದಿಲ್ಲ. ಗಾಳಿಗೂ ಬೊಗಳುವ, ಅಂಚೆಯವನ ಮೇಲೂ ಎಗರುವ ನಾಯಿಗೆ ನಾವು ‘ಜೋರಿನ ನಾಯಿ’ ಎಂಬ ಬಿರುದು ಕೊಡುತ್ತೇವೆ. ನನ್ನ ಕಣ್ಣಿಗೆ ಅದು ಹೆದರಿದ ನಾಯಿ.

ದಾಸು, ಬೊಗ್ಗ ಆಡುವುದನ್ನು ನೋಡಿದವರೆಲ್ಲ ‘ಒಡಹುಟ್ಟಿದವರ ಪ್ರೀತಿ’ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಅನುಮಾನ. ಪೀಟರ್ ಹೆಪ್ಪರ್ ಎಂಬ ವಿಜ್ಞಾನಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಿಯಾಗಿದ್ದಾಗ ಅಗಲಿದ ನಾಯಿಗಳು ಎರಡು ವರ್ಷಗಳ ನಂತರವೂ ತಾಯಿಯ ವಾಸನೆಯನ್ನು ಗುರುತಿಸಿದವು. ಆದರೆ ಒಡಹುಟ್ಟುಗಳನ್ನು ಗುರುತಿಸಿದ್ದು ಇನ್ನೊಂದು ಒಡಹುಟ್ಟಿನ ಜತೆ ಬೆಳೆದ ನಾಯಿಗಳು ಮಾತ್ರ. ನಮ್ಮವೆರಡೂ ಒಂಟಿಯಾಗಿ ಬೆಳೆದವು. ಹಾಗಾಗಿ ಈ ಸ್ನೇಹ ರಕ್ತದ್ದಲ್ಲ, ಅಕ್ಕನ ಜೀಪಿನದು ಎಂದೇ ನನ್ನ ಎಣಿಕೆ.

ಕಾನೂನೂ ನನ್ನ ಕಡೆಗಿದೆ, ಭಾವ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಸದಾ ಕಟ್ಟಿಹಾಕಿದ ನಾಯಿಗೆ ಸಾಕಷ್ಟು ಓಡಾಟ ಕೊಡದಿರುವುದು ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಈಗ ಆ ದುಡ್ಡಿಗೆ ಒಳ್ಳೆಯ ಸಂಕಲೆಯೂ ಸಿಗುವುದಿಲ್ಲ, ಆ ಮಾತು ಬೇರೆ.

ಬೀದಿಗೆ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ರೇಬೀಸ್ ಭಯ ಸುಳ್ಳಲ್ಲ. ಲಸಿಕೆ ಹಾಕಿಸದ ನಾಯಿಯನ್ನು ನಮ್ಮ ಪದವಿನ ಆಟಕ್ಕೆ ನಾನೂ ಸೇರಿಸುವುದಿಲ್ಲ. ಮುಳಿಯಾರು, ಕಾರಡ್ಕ ಕಡೆ ಚಿರತೆಯ ಕಾಟ ಬೇರೆ. ಕಟ್ಟಿಹಾಕಿದ ನಾಯಿಗೆ ಚಿರತೆ ಬಂದರೆ ಓಡಲೂ ದಾರಿಯಿಲ್ಲ ಎಂಬುದನ್ನು ಸಂಕಲೆ ಪಕ್ಷದವರು ಯೋಚಿಸಿದಂತಿಲ್ಲ. ಸಂಜೆ ಒಂದು ಗಂಟೆ, ಮನುಷ್ಯರೊಬ್ಬರು ಜತೆಗೆ, ಕತ್ತಲಾಗುವ ಮೊದಲು ವಾಪಸ್ಸು, ರಾತ್ರಿ ಬಾಗಿಲಿರುವ ಗೂಡು. ನಾನು ಕೇಳುತ್ತಿರುವುದು ಇಷ್ಟೇ.