ಹಲ್ಲುಜ್ಜುವ ಸರಂಜಾಮು

ಸಂತೆಯಲ್ಲಿ ಬದನೆಕಾಯಿಯ ತೊಟ್ಟನ್ನು ನೋಡಿ, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ಪರೀಕ್ಷಿಸದೆ ದುಡ್ಡು ಬಿಚ್ಚದ ನಾವು, ದಿನವೂ ಬಾಯೊಳಗೆ ಹೋಗುವ ಬ್ರಷ್ಷನ್ನು ಮಾತ್ರ ಅಂಗಡಿಯವನು ಕೊಟ್ಟದ್ದನ್ನು ಕೊಟ್ಟ ಹಾಗೆಯೇ ತೆಗೆದುಕೊಂಡು ಬರುತ್ತೇವೆ. ಆ ವ್ಯಾಪಾರದಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಬೇರೆ ಬಣ್ಣ ಇದೆಯೇ? ಬಚ್ಚಲುಮನೆಯ ಕಿಟಕಿಯ ಮೇಲೆ ಒಂದೇ ಲೋಟದಲ್ಲಿ ಐದಾರು ಜನರ ಬ್ರಷ್ಷುಗಳು ಒತ್ತಾಗಿ ನಿಂತಿರುವ ಮನೆಗಳಲ್ಲಿ ಈ ಪ್ರಶ್ನೆ ಅಷ್ಟೇನೂ ಕ್ಷುಲ್ಲಕವಲ್ಲವೆಂದು ಒಪ್ಪುತ್ತೇನೆ. ನಿದ್ದೆಗಣ್ಣಿನಲ್ಲಿ ಭಾವನ ಬ್ರಷ್ಷನ್ನು ಬಾಯಿಗಿಟ್ಟುಕೊಂಡವರಿಗೆ ಅದರ ಮಹತ್ವ ಗೊತ್ತಿರುತ್ತದೆ. ಆದರೆ ಬಣ್ಣವು ಹಲ್ಲಿಗೆ ತಿಳಿಯುವುದಿಲ್ಲ. ಹಲ್ಲಿಗೂ ಒಸಡಿಗೂ ತಿಳಿಯುವುದು ಎಳೆಗಳ ಮೆದುತನ, ಬ್ರಷ್ಷಿನ ತಲೆಯ ಗಾತ್ರ, ಹಿಡಿದ ಕೈಯ ಭಾರ.

ಹಿಂದಿನವರು ಈ ವಿಷಯದಲ್ಲಿ ನಮ್ಮಷ್ಟು ಉದಾಸೀನರಾಗಿರಲಿಲ್ಲ. ಹಲ್ಲುಜ್ಜುವ ಕಡ್ಡಿ ಹನ್ನೆರಡು ಅಂಗುಲ ಉದ್ದವಿರಬೇಕು, ಕಿರುಬೆರಳಿನಷ್ಟು ದಪ್ಪವಿರಬೇಕು, ನೆಟ್ಟಗಿರಬೇಕು, ಅದರಲ್ಲಿ ಗಂಟಾಗಲಿ ಗಾಯವಾಗಲಿ ಇರಬಾರದು ಎಂದು ಸುಶ್ರುತಸಂಹಿತೆ ಹೇಳುತ್ತದೆ. ಅಷ್ಟಕ್ಕೇ ಬಿಡದೆ ಕಹಿಯಲ್ಲಿ ಬೇವು, ಒಗರಿನಲ್ಲಿ ಕಾಚಿನ ಮರ, ಸಿಹಿಯಲ್ಲಿ ಹಿಪ್ಪೆ, ಖಾರದಲ್ಲಿ ಹೊಂಗೆ ಶ್ರೇಷ್ಠವೆಂದು ರುಚಿಗೊಂದು ಮರವನ್ನೂ ಗೊತ್ತುಮಾಡುತ್ತದೆ. ಸುಶ್ರುತನ ಹೆಸರನ್ನೇ ಕೇಳದ ನಮ್ಮ ಬಯಲುಸೀಮೆಯ ರೈತರು ಹೊಲದ ಬದುವಿನ ಹೊಂಗೆಯಿಂದಲೋ ಬೇವಿನಿಂದಲೋ ಎಳೆಯ ಕಡ್ಡಿಯನ್ನು ಮುರಿದು, ತುದಿಯನ್ನು ಜಗಿದು ನಾರುನಾರಾಗಿ ಮೆತ್ತಗೆ ಮಾಡಿಕೊಂಡ ಮೇಲೆಯೇ ಹಲ್ಲಿಗೆ ತಾಗಿಸುತ್ತಿದ್ದರು. ಉಜ್ಜಿ ಮುಗಿದ ಬಳಿಕ ಅದೇ ಕಡ್ಡಿಯನ್ನು ಎರಡಾಗಿ ಸೀಳಿ, ಬಿಲ್ಲಿನಂತೆ ಬಗ್ಗಿಸಿ, ನಾಲಿಗೆಯನ್ನು ಹೆರೆದು ಬೇಲಿಯಾಚೆ ಎಸೆದರೆ ಕೆಲಸ ಮುಗಿಯಿತು. ತೊಳೆದಿಡುವ ಗೋಜಿಲ್ಲ, ಮರುದಿನಕ್ಕೆ ಹೊಸ ಉಪಕರಣ. ಹಾಗೆಂದು ಹೊಂಗೆಯ ಮೇಲಿನ ಅಭಿಮಾನದಿಂದ ಬ್ರಷ್ಷನ್ನು ಹಳಿಯಲು ನಾನು ಸಿದ್ಧನಿಲ್ಲ. ನೆಟ್ಟನೆಯ ಕಡ್ಡಿಗೆ ದವಡೆಹಲ್ಲಿನ ಒಳಮೈ ಸುಲಭವಾಗಿ ನಿಲುಕುವುದಿಲ್ಲ, ಸರಿಯಾಗಿ ಜಗಿಯದ ಕಡ್ಡಿ ಒಸಡನ್ನು ತರಚುತ್ತದೆ. ಬೆಂಗಳೂರಿನ ರಸ್ತೆಬದಿಯಲ್ಲಿ ಈಗಲೂ ಹೊಂಗೆ ಸಾಲುಗಳಿವೆಯಾದರೂ, ಅಲ್ಲಿನ ಕಡ್ಡಿಯನ್ನು ಬಾಯಿಗಿಡುವ ಮೊದಲು ಅದನ್ನೇ ಉಜ್ಜಿ ತೊಳೆಯಬೇಕಾದೀತು.

ಕಡ್ಡಿಗೂ ಬ್ರಷ್ಷಿಗೂ ನಡುವೆ ಬೆರಳಿನ ಕಾಲವೊಂದಿತ್ತು. 1913ರಲ್ಲಿ ನಂಜನಗೂಡಿನಲ್ಲಿ ಆರಂಭವಾದ ಸದ್ವೈದ್ಯಶಾಲೆಯ ಹಲ್ಲುಪುಡಿಯನ್ನು ಅಂಗೈಗೆ ಸುರಿದುಕೊಂಡು ತೋರುಬೆರಳಿನಿಂದ ಹಲ್ಲುಜ್ಜಿದ ತಲೆಮಾರುಗಳು ಹಳೆಯ ಮೈಸೂರಿನ ಮನೆಮನೆಯಲ್ಲೂ ಇದ್ದವು. ಬೆರಳು ಒಸಡನ್ನು ಚೆನ್ನಾಗಿ ತೀಡುತ್ತದೆ, ನೋವಾದರೆ ಥಟ್ಟನೆ ನಿಲ್ಲುತ್ತದೆ. ಹಲ್ಲಿನ ಸಂದಿಗೆ ಮಾತ್ರ ಇಳಿಯುವುದಿಲ್ಲ. ಪುಡಿ ಎಂಥದು ಎನ್ನುವುದರ ಮೇಲೂ ಬಹಳಷ್ಟು ನಿಂತಿದೆ. ಇದ್ದಿಲು, ಹರಳುಪ್ಪು, ಇಟ್ಟಿಗೆಪುಡಿಗಳಂತಹ ಒರಟು ವಸ್ತುಗಳು ಹಲ್ಲನ್ನು ಥಳಥಳಿಸುವಂತೆ ಮಾಡುವ ಹೆಸರಿನಲ್ಲಿ ಅದರ ಮೇಲ್ಪದರವಾದ ಎನಾಮಲ್ಲನ್ನೇ ಸವೆಸುತ್ತವೆ, ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಪುಡಿಯನ್ನು ಬೆರಳುಗಳ ನಡುವೆ ತಿಕ್ಕಿದಾಗ ಮರಳಿನಂತೆ ಚುಚ್ಚಿದರೆ ಅದು ಬಾಯಿಗೆ ತಕ್ಕದ್ದಲ್ಲ. ಕೆಲವರಿಗೆ ತಂಬಾಕು ಬೆರೆತ ಪುಡಿಯಿಂದ ಉಜ್ಜದಿದ್ದರೆ ಬೆಳಗೇ ಆಗುತ್ತಿರಲಿಲ್ಲ. ಹಲ್ಲುಪುಡಿ ಮತ್ತು ಪೇಸ್ಟುಗಳಲ್ಲಿ ತಂಬಾಕನ್ನು ಬಳಸುವುದನ್ನು ಕೇಂದ್ರ ಸರ್ಕಾರ 1992ರಲ್ಲಿ ನಿಷೇಧಿಸಿದ್ದು ಒಳ್ಳೆಯದೇ ಆಯಿತು.

ಇನ್ನು ಬ್ರಷ್ಷು. 1938ರಲ್ಲಿ ಅಮೆರಿಕದಲ್ಲಿ ನೈಲಾನ್ ಎಳೆಗಳ ಬ್ರಷ್ಷು ಮಾರುಕಟ್ಟೆಗೆ ಬರುವವರೆಗೆ ಬ್ರಷ್ಷೆಂದರೆ ಹೆಚ್ಚಾಗಿ ಹಂದಿಯ ಕೂದಲಿನದೇ ಆಗಿತ್ತು, ಈ ಸಂಗತಿ ಸಕಾಲದಲ್ಲಿ ತಿಳಿದಿದ್ದರೆ ನಮ್ಮ ಎಷ್ಟೋ ಮಡಿಯ ಮನೆಗಳು ಬ್ರಷ್ಷನ್ನು ಇನ್ನೂ ಹೊಸ್ತಿಲಾಚೆಯೇ ನಿಲ್ಲಿಸಿರುತ್ತಿದ್ದವೇನೋ. ಇಂದು ಅಂಗಡಿಯಲ್ಲಿ ಸಾಫ್ಟ್, ಮೀಡಿಯಂ, ಹಾರ್ಡ್ ಎಂಬ ಮೂರು ಬಗೆಗಳು ಸಿಗುತ್ತವೆ. ಮಧ್ಯಮಮಾರ್ಗವೇ ಲೇಸೆಂಬ ನಂಬಿಕೆಯಿಂದ ಬಹುಮಂದಿ ಮೀಡಿಯಮ್ಮಿಗೆ ಕೈ ಚಾಚುತ್ತಾರೆ, ಆದರೆ ಹಲ್ಲಿನ ಡಾಕ್ಟರುಗಳು ಸಾಮಾನ್ಯವಾಗಿ ಎಲ್ಲರಿಗೂ ಹೇಳುವುದು ಸಾಫ್ಟನ್ನೇ. ಇದಕ್ಕೆ ಕಾರಣವಿದೆ. ಹಲ್ಲಿನ ಮೇಲೆ ದಿನದಿನವೂ ಕೂಡುವ ಪಾಚಿ ಅಂಟಂಟಾದ ತೆಳುಪದರ. ಅದನ್ನು ಒರೆಸಿ ತೆಗೆಯಲು ಮೆದುವಾದ ಎಳೆ ಸಾಕು. ಅದು ಗಟ್ಟಿಯಾಗಿ ಹಲ್ಲುಗಾರೆಯಾದ ಮೇಲೆ ಎಷ್ಟು ಬಿರುಸಾದ ಬ್ರಷ್ಷಿಗೂ ಬಗ್ಗದು, ಅದಕ್ಕೆ ಡಾಕ್ಟರರ ಉಪಕರಣವೇ ಬೇಕು. ಹೀಗಿರುವಾಗ ಹಲ್ಲನ್ನು ತಳ ಹಿಡಿದ ಪಾತ್ರೆಯಂತೆ ಗಸಗಸ ತಿಕ್ಕುವುದರಿಂದ ಆಗುವ ಲಾಭವೇನೂ ಇಲ್ಲ, ಆಗುವುದೆಲ್ಲ ನಷ್ಟವೇ. ಒಸಡು ಹಿಂದೆ ಸರಿದು, ಬುಡದಲ್ಲಿ ಹಲ್ಲು ಸವೆದು ಕಚ್ಚು ಬಿದ್ದು, ಒಂದು ದಿನ ತಣ್ಣನೆಯ ಮಜ್ಜಿಗೆ ಕುಡಿದಾಗ ಜುಮ್ಮೆಂದು ನೆತ್ತಿಗೇರುತ್ತದೆ. ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ನಿನಂತೆ ಬೆರಳುಗಳಲ್ಲಿ ಹಿಡಿದರೆ ಭಾರ ತಾನಾಗಿ ಇಳಿಯುತ್ತದೆ. ಎಳೆಗಳನ್ನು ಒಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿಟ್ಟು ಸಣ್ಣ ಸಣ್ಣದಾಗಿ ಅಲುಗಿಸುತ್ತ, ಎರಡು ನಿಮಿಷ ಬಾಯಿಯನ್ನೆಲ್ಲ ಸುತ್ತಿಬಂದರೆ ಸಾಕು. ತಲೆ ಚಿಕ್ಕದಾಗಿದ್ದಷ್ಟೂ ಅದು ಕಡೆಯ ದವಡೆಹಲ್ಲಿನ ಹಿಂದಕ್ಕೆ ಹೋಗುತ್ತದೆ. ಎಳೆಗಳನ್ನು ಏರುತಗ್ಗಾಗಿ ಕತ್ತರಿಸಿ, ಅವುಗಳ ನಡುವೆ ರಬ್ಬರಿನ ರೆಕ್ಕೆಗಳನ್ನು ಕೂರಿಸಿ ದುಪ್ಪಟ್ಟು ಬೆಲೆ ಹೇಳುವ ಬ್ರಷ್ಷುಗಳಿಂದ ವಿಶೇಷ ಪ್ರಯೋಜನವಿದೆಯೆಂದು ನನಗಂತೂ ಅನ್ನಿಸಿಲ್ಲ.

ಮೂರು ತಿಂಗಳಿಗೊಮ್ಮೆ ಬ್ರಷ್ಷನ್ನು ಬದಲಿಸಬೇಕೆನ್ನುತ್ತಾರೆ. ಒಂದೇ ತಿಂಗಳಲ್ಲಿ ಎಳೆಗಳು ಕೆದರಿ ಹೂವಾದರೆ ತಪ್ಪು ಕೈಯದೇ ಹೊರತು ಕಂಪನಿಯದಲ್ಲ. ಬದಲಿಸಿದ ಬ್ರಷ್ಷನ್ನು ಬಿಸಾಡುವ ಪದ್ಧತಿ ನಮ್ಮಲ್ಲಿಲ್ಲ. ಅದು ತಲೆಗೆ ಬಣ್ಣ ಹಚ್ಚಲು, ದೀಪದ ಕಂಬದ ಕೆತ್ತನೆಯನ್ನು ಬೆಳಗಲು, ಹೊಲಿಗೆಯಂತ್ರದ ಧೂಳು ತೆಗೆಯಲು ನೇಮಕಗೊಂಡು, ಎಳೆಗಳೆಲ್ಲ ಉದುರಿದ ಮೇಲೆಯೂ ಲಂಗಕ್ಕೆ ಲಾಡಿ ಪೋಣಿಸುವ ಕಡ್ಡಿಯಾಗಿ ಸೇವೆಯಲ್ಲಿರುತ್ತದೆ.

ಪೇಸ್ಟಿನ ಆಯ್ಕೆಯಲ್ಲಿ ನೋಡಬೇಕಾದುದು ನೊರೆಯನ್ನಲ್ಲ, ಲವಂಗದ ಚಿತ್ರವನ್ನೂ ಅಲ್ಲ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿರುವ ಫ್ಲೋರೈಡಿನ ಪ್ರಮಾಣವನ್ನು. ಹಲ್ಲು ಹುಳುಕಾಗದಂತೆ ತಡೆಯುವುದು ಅದೇ. ನಮ್ಮ ದೇಶದ ನಿಯಮದಂತೆ ಪೇಸ್ಟಿನಲ್ಲಿ ಅದು ಹತ್ತು ಲಕ್ಷ ಭಾಗಕ್ಕೆ 1000 ಭಾಗವನ್ನು ಮೀರುವಂತಿಲ್ಲ. ಈ ಮಾತಿಗೆ ಕರ್ನಾಟಕದಲ್ಲೊಂದು ತಿರುವಿದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿಗಳ ಕಡೆ ಕೊಳವೆಬಾವಿಯ ನೀರಿನಲ್ಲಿಯೇ ಫ್ಲೋರೈಡ್ ವಿಪರೀತವಾಗಿರುವುದರಿಂದ, ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಆ ನೀರನ್ನು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳು ಮೂಡುತ್ತವೆ. ಉಜ್ಜಿಲ್ಲವೆಂದು ಶಾಲೆಯಲ್ಲಿ ಬೈಸಿಕೊಳ್ಳುವ ಆ ಮಕ್ಕಳ ಕಲೆ ಯಾವ ಬ್ರಷ್ಷಿಗೂ ಹೋಗುವಂಥದಲ್ಲ. ಅಂಥ ಊರುಗಳಲ್ಲಿ ಪುಟ್ಟ ಮಕ್ಕಳಿಗೆ ಯಾವ ಪೇಸ್ಟೆಂಬುದನ್ನು ಡಾಕ್ಟರರನ್ನು ಕೇಳಿಯೇ ನಿರ್ಧರಿಸಬೇಕು. ಬೇರೆಡೆಯಲ್ಲೂ ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟು ಸಾಕು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಸುರುಳಿಯಾಗಿ ಕೂರುವ ಪೇಸ್ಟಿನ ಅಳತೆ ಹಲ್ಲಿಗಾಗಿ ಅಲ್ಲ, ಟ್ಯೂಬು ಬೇಗ ಮುಗಿಯಲೆಂದು. ಟ್ಯೂಬಿನ ತುದಿಯಲ್ಲಿರುವ ಹಸಿರು, ಕಪ್ಪು, ನೀಲಿ ಪಟ್ಟಿಗಳು ಪೇಸ್ಟಿನೊಳಗಿನ ರಾಸಾಯನಿಕವನ್ನು ಸೂಚಿಸುತ್ತವೆಂದು ವಾಟ್ಸಾಪಿನಲ್ಲಿ ತಿರುಗುವ ಸಂದೇಶವನ್ನು ನಂಬಬೇಕಿಲ್ಲ. ಟ್ಯೂಬನ್ನು ಎಲ್ಲಿ ಕತ್ತರಿಸಿ ಮಡಚಬೇಕೆಂದು ಅವು ಕಾರ್ಖಾನೆಯ ಯಂತ್ರದ ಕಣ್ಣಿಗೆ ತಿಳಿಸುವ ಗುರುತುಗಳಷ್ಟೇ.

ನಾಲಿಗೆಯ ವಿಷಯದಲ್ಲಿ ನಾವು ಯಾರಿಂದಲೂ ಕಲಿಯಬೇಕಾದುದಿಲ್ಲ. ನಾಲಿಗೆ ಹೆರೆಯುವ ಸಾಧನ ಚಿನ್ನ, ಬೆಳ್ಳಿ, ತಾಮ್ರ, ತವರ ಅಥವಾ ಹಿತ್ತಾಳೆಯದಾಗಿರಲಿ, ಬಾಗಿರಲಿ, ಹರಿತವಾಗಿರದಿರಲಿ ಎಂದು ಚರಕಸಂಹಿತೆ ಬಹು ಹಿಂದೆಯೇ ಹೇಳಿದೆ. ಚಿನ್ನದ ಈಗಿನ ಬೆಲೆಯನ್ನು ನೋಡಿದರೆ ಸ್ಟೀಲಿನದೇ ವಾಸಿ. ಕೆಲವರು ಬೆಳಗಿನ ಜಾವ ಇಡೀ ಕೇರಿಗೆ ಕೇಳುವಂತೆ ಓಕರಿಸುತ್ತ ನಾಲಿಗೆಯ ಬುಡದವರೆಗೂ ಹೆರೆಯುವುದು ಯಾವ ಸಂಹಿತೆಯ ಅಪ್ಪಣೆಯೋ ನಾನರಿಯೆ.

ನಮ್ಮ ಸರಂಜಾಮಿನಲ್ಲಿ ನಿಜವಾಗಿ ಕಾಣೆಯಾಗಿರುವುದು ದಾರ. ಎರಡು ಹಲ್ಲುಗಳು ಒಂದನ್ನೊಂದು ತಾಗುವ ಜಾಗಕ್ಕೆ ಯಾವ ಬ್ರಷ್ಷೂ ಹೋಗುವುದಿಲ್ಲ, ಹುಳುಕು ಅನೇಕ ಸಲ ಆರಂಭವಾಗುವುದು ಅಲ್ಲಿಯೇ. ಮೇಣ ಸವರಿದ ರೇಷ್ಮೆಯ ದಾರದಿಂದ ಆ ಸಂದುಗಳನ್ನು ಶುಚಿಮಾಡಬೇಕೆಂದು ಲೆವಿ ಸ್ಪಿಯರ್ ಪಾರ್ಮ್ಲಿ ಎಂಬ ಅಮೆರಿಕದ ದಂತವೈದ್ಯ 1819ರಲ್ಲಿಯೇ ಬರೆದಿದ್ದ; ರೇಷ್ಮೆಯನ್ನು ಬೆಳೆಯುವ ನಾಡಿನ ನಾವು ಅದನ್ನು ಉಡುವುದಕ್ಕಷ್ಟೇ ಇಟ್ಟುಕೊಂಡೆವು. ಮಾವಿನ ಕಾಲದಲ್ಲಿ ರಸಪುರಿಯ ನಾರು ಸಂದಿಯಲ್ಲಿ ಸಿಕ್ಕಿಕೊಂಡರೆ ನಮ್ಮ ಕೈಗೆ ಬರುವುದು ಬೆಂಕಿಕಡ್ಡಿ, ಪೊರಕೆಯ ಕಡ್ಡಿ, ಹೆಚ್ಚೆಂದರೆ ಸೀರೆಗೆ ಹಾಕಿದ ಪಿನ್ನು. ಫ್ಲಾಸ್ ಎಂಬ ಹೆಸರಿನಲ್ಲಿ ಈಗ ನೈಲಾನಿನ ದಾರ ಮೆಡಿಕಲ್ ಶಾಪುಗಳಲ್ಲಿ ದೊರೆಯುತ್ತದೆ. ಒಂದೂವರೆ ಅಡಿಯಷ್ಟು ತುಂಡನ್ನು ಎರಡೂ ಕೈಗಳ ನಡುಬೆರಳಿಗೆ ಸುತ್ತಿ, ಸಂದಿಯೊಳಗೆ ಮೆಲ್ಲಗೆ ಇಳಿಸಿ, ಹಲ್ಲಿನ ಪಕ್ಕೆಗೆ ತಬ್ಬಿಸಿ ಮೇಲಕ್ಕೂ ಕೆಳಕ್ಕೂ ಸವರಬೇಕು. ಆರಂಭದ ದಿನಗಳಲ್ಲಿ ರಕ್ತ ಕಂಡು ಹೆದರಿ ಬಿಡುವವರೇ ಹೆಚ್ಚು. ಆ ರಕ್ತ ಸಾಮಾನ್ಯವಾಗಿ ಊದಿದ ಒಸಡಿನದು, ನಿತ್ಯವೂ ಶುಚಿಮಾಡಿದರೆ ಕೆಲವು ದಿನಗಳಲ್ಲಿ ನಿಲ್ಲುತ್ತದೆ, ನಿಲ್ಲದಿದ್ದರೆ ಡಾಕ್ಟರರಿಗೆ ತೋರಿಸಬೇಕಾಗುತ್ತದೆ. ವಯಸ್ಸಾಗಿ ಸಂದುಗಳು ಅಗಲವಾದವರಿಗೆ ದಾರಕ್ಕಿಂತ ಸಂದಿಗೆಂದೇ ಮಾಡಿದ ಪುಟಾಣಿ ಬ್ರಷ್ಷು ಅನುಕೂಲ.

ಬಾಯಿ ಮುಕ್ಕಳಿಸುವ ಬಣ್ಣದ ದ್ರವಗಳು ನಿತ್ಯದ ಅಗತ್ಯವೇನಲ್ಲ. ಕ್ಲೋರ್‌ಹೆಕ್ಸಿಡಿನ್ ಇರುವಂಥವನ್ನು ಬಹಳ ದಿನ ಬಳಸಿದರೆ ಹಲ್ಲಿಗೇ ಕಲೆ ಹಿಡಿಯುತ್ತದೆ. ಬ್ಯಾಟರಿಯ ಬ್ರಷ್ಷನ್ನು ನಾನು ಶೋಕಿಯೆಂದೇ ತಿಳಿದಿದ್ದೆನಾದರೂ, ಬೆರಳಿನ ಗಂಟುಗಳು ಬಿಗಿದುಕೊಂಡ ಹಿರಿಯರಿಗೆ ಅದರ ದಪ್ಪ ಹಿಡಿಯೂ ತಾನಾಗಿ ತಿರುಗುವ ತಲೆಯೂ ನಿಜವಾದ ಉಪಕಾರ. ಅಷ್ಟು ಖರ್ಚು ಬೇಡವೆನ್ನುವ ಮನೆಗಳಲ್ಲಿ ಹಳೆಯ ಸೈಕಲ್ಲಿನ ಹ್ಯಾಂಡಲ್‌ನಿಂದ ರಬ್ಬರಿನ ಗ್ರಿಪ್ಪನ್ನು ಕಳಚಿ, ತೊಳೆದು, ಅದರೊಳಕ್ಕೆ ಸಾಫ್ಟ್ ಬ್ರಷ್ಷಿನ ಹಿಡಿಯನ್ನು ತೂರಿಸಿ ಬಿಗಿಮಾಡಿ ಕೊಟ್ಟರೆ, ಅಜ್ಜ ಯಾರ ಸಹಾಯವನ್ನೂ ಕೇಳದೆ ತಾವೇ ಹಲ್ಲುಜ್ಜಿಕೊಳ್ಳುತ್ತಾರೆ.