ಪಡುವಣಕ್ಕೆ ಗಾಜಿನ ಗೋಡೆ ಬೇಡ

ಮೊದಲು ಮನೆಯವರ ದಿನಚರಿ ಕೇಳಿ, ಆಮೇಲೆ ಪೆನ್ಸಿಲ್ ಹಿಡಿಯುತ್ತೇನೆ ಎಂದು ಆರ್ಕಿಟೆಕ್ಚರ್ ವಿದ್ಯಾರ್ಥಿನಿಯೊಬ್ಬಳು ಮನೆ ವಿನ್ಯಾಸದ ಬಗ್ಗೆ ಬರೆದ ಲೇಖನದಲ್ಲಿ ಹೇಳಿದ್ದು ಇಷ್ಟವಾಯಿತು. ಆದರೆ ಅವಳ ಪ್ಲಾನ್‌ನಲ್ಲಿ ಹಾಲ್‌ಗೆ ಪಶ್ಚಿಮದ ಕಡೆ ಇಡೀ ಗಾಜಿನ ಗೋಡೆ? ತಂಗಿ, ಮೇ ತಿಂಗಳಲ್ಲಿ ಒಮ್ಮೆ ಕಲಬುರಗಿಗೆ ಬಾ. ಇಲ್ಲಿ 42 ಡಿಗ್ರಿ ಮಾಮೂಲು. ಚೆಂದ ಕಾಣುತ್ತದೆ ಅಂತ ನಾವೂ ಎರಡು ದೊಡ್ಡ ಗಾಜು ಹಾಕಿಸಿದೆವು. ಈಗ ಸಂಜೆ ನಾಲ್ಕಾದರೆ ಪರದೆ ಎಳೆದು, ಲೈಟ್ ಹಾಕಿಕೊಂಡು ಕೂರುತ್ತೇವೆ!

ನಮ್ಮ ಅಜ್ಜನ ಮನೆಯಲ್ಲಿ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ. ಮಧ್ಯಾಹ್ನ ಶಹಾಬಾದ್ ಕಲ್ಲಿನ ನೆಲದ ಮೇಲೆ ಚಾಪೆಯಿಲ್ಲದೆ ಮಲಗುತ್ತಿದ್ದೆವು. ಅಂಥ ಗೋಡೆ ದಾಟಿ ಬಿಸಿ ಒಳಗೆ ಬರಲು ತಾಸುಗಟ್ಟಲೆ ಬೇಕು, ಅಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. (ರಾತ್ರಿ ಮಾತ್ರ ಒಳಗೆ ಸೆಕೆ. ಅದಕ್ಕೇ ಎಲ್ಲರೂ ಮಾಳಿಗೆ ಮೇಲೆ.) ಶಹಾಬಾದ್ ಕಲ್ಲು ಇಲ್ಲೇ ಹತ್ತಿರದಲ್ಲಿ ಸಿಗುತ್ತದೆ, ನೆಲಕ್ಕೆ ಸುಮ್ನೆ ಇಟಾಲಿಯನ್ ಮಾರ್ಬಲ್ ಯಾಕೆ?

ನಮ್ಮ ಕಲಬುರಗಿ ಕೋಟೆಯ ಜಾಮಿ ಮಸೀದಿಯನ್ನೂ ನೋಡು. 1367ರದ್ದು. ಬಯಲು ಅಂಗಳ ಬಿಡದೆ ಪೂರ್ತಿ ಚಾವಣಿ ಹಾಕಿದ್ದಾರೆ, ಆದರೂ ಬದಿಯ ಕಮಾನುಗಳಿಂದ ಬೆಳಕು ಒಳಗೆ ಬರುತ್ತದೆ. ಸ್ಕೆಚ್ ಪುಸ್ತಕ ಮರೆಯಬೇಡ. ನಾಲ್ಕು ಗಂಟೆಗೆ ನಮ್ಮ ಹಾಲ್‌ನಲ್ಲಿ ಚಹಾ ಕೊಡುತ್ತೇನೆ, ಪರದೆ ತೆಗೆದು.