ವಿಜಯಪುರಕ್ಕೂ ಬೇಕು ಒಂದು ಸಂಜೆಯ ಕೋಣೆ

ನಾನು ವಿಜಯಪುರದವನು. ಈಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿದ್ದೇನೆ. ಊರಿಗೆ ಹೋದಾಗ ಜನ ಸಂಬಳ ಕೇಳುತ್ತಾರೆ, ಚಳಿ ಕೇಳುತ್ತಾರೆ, ಅಲ್ಲಿ ರೊಟ್ಟಿ ಸಿಗುತ್ತಾ ಅಂತ ಕೇಳುತ್ತಾರೆ. ಆಫೀಸು ಬಿಟ್ಟ ಮೇಲೆ ಅಲ್ಲಿಯ ಜನ ಏನು ಮಾಡುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಆದರೆ ಈ ದೇಶದಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು, ನಮ್ಮೂರಿಗೂ ಬರಲಿ ಅಂತ ನಿಜವಾಗಿ ಆಸೆಪಡುವುದು ಅದನ್ನೇ.

ನಾನು ಸಂಜೆ ಹೋಗುವ ಕೋಣೆ ಒಂದಿದೆ. ಹಳೆಯ ಕಟ್ಟಡದ ನೆಲಮಾಳಿಗೆ. ಉದ್ದನೆಯ ಮರದ ಮೇಜು, ಅದರ ಮೇಲೆ ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿಗಳು, ವಿದ್ಯುತ್ತಿನ ಏರಿಳಿತ ತೋರಿಸುವ ಒಂದು ಆಸಿಲೋಸ್ಕೋಪ್, ಮೂಲೆಯಲ್ಲಿ ಹೊಲಿಗೆ ಯಂತ್ರ, ಇನ್ನೊಂದು ಮೂಲೆಯಲ್ಲಿ ತ್ರೀಡಿ ಪ್ರಿಂಟರ್. ಲೇತ್ ಮಷಿನ್ ಮೇಲೆ ಕೆಲಸ ಮಾಡಿ ನಿವೃತ್ತರಾದ ಹಿರಿಯರು ಬರುತ್ತಾರೆ. ನರ್ಸ್ ಕೆಲಸದ ಹೆಣ್ಣುಮಗಳು ಒಬ್ಬರು, ಕಾಲೇಜು ಹುಡುಗರು, ನನ್ನಂಥ ಹೊರಗಿನವರು. ಫ್ರಿಜ್ಜಿನ ಬಾಗಿಲಿಗೆ ಹೆಸರುಗಳ ಪಟ್ಟಿ ಅಂಟಿಸಿದ್ದಾರೆ. ಒಂದು ಬಾಟಲಿ ತಗೊಂಡರೆ ನಿಮ್ಮ ಹೆಸರಿನ ಮುಂದೆ ಒಂದು ಗೆರೆ ಎಳೆಯಬೇಕು, ತಿಂಗಳ ಕೊನೆಗೆ ಲೆಕ್ಕ. ಕಾಯುವವರು ಯಾರೂ ಇಲ್ಲ. ಒಂದಷ್ಟು ದಿನ ಬಂದು ಸದಸ್ಯರಾದರೆ ಬೀಗದ ಕೈ ಕೊಡುತ್ತಾರೆ.

ಇಂಥವು ಇಲ್ಲಿ ಹೊಸದೇನಲ್ಲ. ಕಂಪ್ಯೂಟರ್ ಹವ್ಯಾಸಿಗಳ ಕೂಟಗಳಲ್ಲಿ ಹೆಸರಾದ ಕೇಯಾಸ್ ಕಂಪ್ಯೂಟರ್ ಕ್ಲಬ್ ಬರ್ಲಿನ್‌ನಲ್ಲಿ ಶುರುವಾಗಿದ್ದು 1981ರಲ್ಲಿ. ಹಾಡುವವರಿಗೆ, ಚೆಸ್ ಆಡುವವರಿಗೆ, ಪಾರಿವಾಳ ಸಾಕುವವರಿಗೆ, ಎಲ್ಲರಿಗೂ ಇಲ್ಲಿ ಸಂಘ ಉಂಟು. ದೇಶದಲ್ಲಿ ನೋಂದಣಿಯಾದ ಸಂಘಗಳೇ ಆರು ಲಕ್ಷದ ಹತ್ತಿರ ಇವೆ. ಸಂಘ ಕಟ್ಟಲು ಏಳು ಜನ ಸಾಕು. ನಿಯಮಾವಳಿ ಬರೀಬೇಕು, ವರ್ಷಕ್ಕೊಮ್ಮೆ ಸಭೆ ಕರೀಬೇಕು, ಖಜಾಂಚಿ ಬರೆದ ಲೆಕ್ಕವನ್ನು ಬೇರೆ ಸದಸ್ಯರು ಕೂತು ತಾಳೆ ನೋಡಬೇಕು. ಮೊದಮೊದಲು ನನಗೆ ಇದೆಲ್ಲ ಜಾಸ್ತಿಯಾಯ್ತು ಅನಿಸುತ್ತಿತ್ತು. ಈಗ ಹಾಗನಿಸುವುದಿಲ್ಲ. ಕಟ್ಟಿದ ಮನುಷ್ಯ ಊರು ಬಿಟ್ಟ ಮೇಲೂ ಕೋಣೆ ಉಳಿದಿರುವುದು ಆ ಲೆಕ್ಕದ ಪುಸ್ತಕದ ಕಾರಣಕ್ಕೆ. ನಮ್ಮ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಕೇಳುವುದೂ ಏಳೇ ಜನರನ್ನು. ಅಂದರೆ ಕಾನೂನು ಅಡ್ಡ ಬರುವುದಿಲ್ಲ.

ಇಂಥ ಕೋಣೆಯಿಂದ ಏನು ಹುಟ್ಟುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಇದೇ ಊರಿನದು. ಸ್ಟುಟ್‌ಗಾರ್ಟ್ ಬಟ್ಟಲಿನಂಥ ತಗ್ಗಿನಲ್ಲಿರುವ ಊರು. ಗಾಳಿ ಆಡುವುದಿಲ್ಲ, ಕಾರಿನ ಹೊಗೆ, ದೂಳು ಅಲ್ಲೇ ನಿಲ್ಲುತ್ತದೆ. ನೆಕಾರ್‌ಟೋರ್ ಅನ್ನುವ ವೃತ್ತದ ದೂಳಿನ ಸುದ್ದಿ ದೇಶಕ್ಕೆಲ್ಲ ಗೊತ್ತು. 2016ರಲ್ಲಿ ನಗರದ ಆಡಳಿತ ದೂಳಿನ ಎಚ್ಚರಿಕೆ ಕೊಡಲು ಶುರುಮಾಡಿತು. ಅದಕ್ಕೂ ಮುಂಚೆ, 2015ರಲ್ಲಿ, ಇಲ್ಲಿಯ ಹವ್ಯಾಸಿಗಳ ಒಂದು ಗುಂಪು ತಮ್ಮ ತಮ್ಮ ಮನೆಯ ಮುಂದಿನ ಗಾಳಿಯನ್ನು ತಾವೇ ಅಳೆಯಲು ಕೂತಿತು.

ಆ ಉಪಕರಣವನ್ನು ನಾನೂ ಕಟ್ಟಿದ್ದೇನೆ. ಪ್ಲಂಬರ್ ಅಂಗಡಿಯಲ್ಲಿ ಸಿಗುವ ಎರಡು ಪ್ಲಾಸ್ಟಿಕ್ ಪೈಪ್ ಬೆಂಡು ಬೇಕು. ಒಂದನ್ನು ಇನ್ನೊಂದಕ್ಕೆ ಸಿಕ್ಕಿಸಿದರೆ ಎರಡೂ ಬಾಯಿ ಕೆಳಗಾಗುತ್ತವೆ, ಮಳೆ ಒಳಗೆ ಹೋಗುವುದಿಲ್ಲ. ಒಳಗೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ದೂಳಿನ ಸೆನ್ಸರ್. ಅದರ ಪುಟ್ಟ ಫ್ಯಾನ್ ಗಾಳಿ ಎಳೆದುಕೊಳ್ಳುತ್ತದೆ. ದೂಳಿನ ಕಣಕ್ಕೆ ಬಡಿದು ಚದುರಿದ ಲೇಸರ್ ಬೆಳಕಿನಿಂದ ಲೆಕ್ಕ ಹಾಕುತ್ತದೆ. ಅದರ ಬೆನ್ನಿಗೆ ಇಎಸ್‌ಪಿ 8266 ಚಿಪ್ ಇರುವ ವೈಫೈ ಬೋರ್ಡನ್ನು ಪ್ಲಾಸ್ಟಿಕ್ ಟೈ ಹಾಕಿ ಕಟ್ಟಬೇಕು, ಅಷ್ಟೇ. ಎರಡೂವರೆ ನಿಮಿಷಕ್ಕೊಮ್ಮೆ ಅಂಕಿ ಇಂಟರ್ನೆಟ್ಟಿನಲ್ಲಿ ಎಲ್ಲರೂ ನೋಡಬಹುದಾದ ನಕ್ಷೆಗೆ ಹೋಗಿ ಕೂರುತ್ತದೆ. ಮಂಜು ಮುಸುಕಿದ ದಿನ ತೇವ ಸೇರಿ ಅಂಕಿ ಸುಮ್ನೆ ಏರುತ್ತದೆ. ಅದನ್ನು ಹೇಗೆ ಓದಬೇಕು ಅಂತ ಹೇಳಿಕೊಟ್ಟವರೂ ಆ ಕೋಣೆಯ ಹಿರಿಯರೇ. ಇವತ್ತು ಜಗತ್ತಿನ ಬೇರೆ ಬೇರೆ ದೇಶಗಳಲ್ಲಿ ಇಂಥ ಹತ್ತು ಸಾವಿರಕ್ಕೂ ಹೆಚ್ಚು ಸೆನ್ಸರ್‌ಗಳಿವೆ. ಒಂದು ಊರಿನ ಸಂಜೆಯ ಕೆಲಸ ಅಷ್ಟು ದೂರ ಹೋಯಿತು.

ಇನ್ನು ನಮ್ಮೂರಿನ ಮಾತು. ನಮ್ಮಲ್ಲಿ ಇಂಥದ್ದು ಇರಲೇ ಇಲ್ಲ ಅಂದರೆ ನಾನು ಒಪ್ಪುವುದಿಲ್ಲ. ಗರಡಿಮನೆ ಏನು ಮತ್ತೆ? ಎರೆ ಭೂಮಿಯ ನಮ್ಮ ಕಡೆ ಕೆಮ್ಮಣ್ಣು ತರಿಸಿ, ಎಣ್ಣೆ, ಮಜ್ಜಿಗೆ, ಅರಿಶಿಣ, ನಿಂಬೆರಸ ಬೆರೆಸಿ ಹದ ಮಾಡಿದ ಅಖಾಡ. ಗೋಡೆಗೆ ಹನುಮಪ್ಪನ ಫೋಟೊ, ಮೂಲೆಯಲ್ಲಿ ಸಂಗ್ರಾಣಿ ಕಲ್ಲು. ಕುಸ್ತಿ ಕಲಿಸುವ ವಸ್ತಾದ ಫೀ ಕೇಳುವುದಿಲ್ಲ. ದೊಡ್ಡ ಹುಡುಗರು ಸಣ್ಣವರಿಗೆ ಪಟ್ಟು ಹೇಳಿಕೊಡುತ್ತಾರೆ. ಮಣ್ಣು ಹಳೆಯದಾದರೆ ಓಣಿಯಲ್ಲಿ ಚಂದಾ ಪಟ್ಟಿ ಎತ್ತುತ್ತಾರೆ. ಭಜನಾ ಮಂಡಳಿಯೂ ಹಾಗೇ. ತಾಳ, ಹಾರ್ಮೋನಿಯಂ, ಡಗ್ಗ ಎಲ್ಲರವು, ಬೀಗದ ಕೈ ಒಬ್ಬರ ಮನೆಯಲ್ಲಿ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯನ್ನು ವರ್ಷ ವರ್ಷ ನಡೆಸುವ ಊರಿಗೆ ಒಟ್ಟಾಗಿ ಕೆಲಸ ಮಾಡುವುದನ್ನು ಜರ್ಮನಿಯವರು ಹೇಳಿಕೊಡಬೇಕಾಗಿಲ್ಲ. ಆದರೆ ಈ ಪದ್ಧತಿ ಕುಸ್ತಿ, ಭಜನೆ, ಹಬ್ಬಕ್ಕೆ ನಿಂತುಹೋಯಿತು. ಕಂಪ್ಯೂಟರ್ ಬಂದಾಗ ಅದು ಕೋಚಿಂಗ್ ಕ್ಲಾಸಿನ ಬಾಗಿಲಿನಿಂದ ಒಳಗೆ ಬಂತು. ಫೀ ಕಟ್ಟು, ಕೋರ್ಸ್ ಮುಗಿಸು, ಸರ್ಟಿಫಿಕೇಟ್ ತಗೋ, ಬೆಂಗಳೂರು ಇಲ್ಲಾ ಪುಣೆ ಬಸ್ಸು ಹತ್ತು. ಕೋರ್ಸ್ ಮುಗಿದ ಹುಡುಗ ಮತ್ತೆ ಆ ಬಾಗಿಲಿಗೆ ಹೋಗುವ ಕಾರಣವೇ ಇಲ್ಲ. ಗರಡಿಯಲ್ಲಿ ಹಾಗಿಲ್ಲ. ಕುಸ್ತಿ ಬಿಟ್ಟ ಪೈಲ್ವಾನನೂ ಸಂಜೆ ಬಂದು ಕಟ್ಟೆ ಮೇಲೆ ಕೂತು ಹುಡುಗರ ಆಟ ನೋಡುತ್ತಾನೆ.

ಒಂದು ವಿಷಯದಲ್ಲಿ ವಿಜಯಪುರ ಸ್ಟುಟ್‌ಗಾರ್ಟ್‌ಗಿಂತ ಎಷ್ಟೋ ಮುಂದಿದೆ. ಅದು ದುರಸ್ತಿ. ಗಾಂಧಿ ಚೌಕದ ಸುತ್ತ ಯಾವುದಾದರೂ ಮೊಬೈಲ್ ರಿಪೇರಿ ಅಂಗಡಿಗೆ ಹೋಗಿ ನಿಂತು ನೋಡಿ. ಮೈಕ್ರೋಸ್ಕೋಪ್ ಕೆಳಗೆ ಬೋರ್ಡ್ ಇಟ್ಟು, ಫ್ಲಕ್ಸ್ ಸವರಿ, ಬಿಸಿಗಾಳಿ ಹಿಡಿದು, ಸಾಸಿವೆ ಕಾಳಿಗಿಂತ ಸಣ್ಣ ಕೆಪಾಸಿಟರ್ ಕೀಳುತ್ತಾನೆ ಹುಡುಗ. ಪಕ್ಕದಲ್ಲಿ ನಿಂತು ಕೇಳಿದರೆ ಬೇಸರವಿಲ್ಲದೆ ಹೇಳುತ್ತಾನೆ, "ಇಲ್ಲಿ ಶಾರ್ಟ್ ಆಗೈತಿ ಅಣ್ಣಾ, ಇದನ್ನ ತಗದ್ರ ಚಾರ್ಜ್ ತಗೋತೈತಿ ನೋಡ್ರಿ." ಅವನ ಕೈಯಲ್ಲಿರುವ ವಿದ್ಯೆ ಇಲ್ಲಿಯ ಬಹಳ ಎಂಜಿನಿಯರ್‌ಗಳ ಕೈಯಲ್ಲಿ ಇಲ್ಲ. ಇಲ್ಲಿ ರಿಪೇರಿಗೆ ಕೊಡುವ ಕೂಲಿಗೆ ಇನ್ನಷ್ಟು ಸೇರಿಸಿದರೆ ಹೊಸ ಸಾಮಾನೇ ಬರುತ್ತದೆ, ಹಾಗಾಗಿ ಜನ ಎಸೆಯುತ್ತಾರೆ. ಅದಕ್ಕೇ 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರಿಪೇರ್ ಕೆಫೆ ಅಂತ ಶುರುಮಾಡಿದರು. ಕೆಟ್ಟ ಮಿಕ್ಸರ್ ತಂದು, ಗೊತ್ತಿರುವವರ ಜೊತೆ ಕೂತು, ಬಿಚ್ಚಿ ಸರಿಮಾಡಿಕೊಳ್ಳುವ ಜಾಗ. ದುರಸ್ತಿಯ ಹಕ್ಕಿಗೆ ಅಂತಲೇ ಯುರೋಪಿಯನ್ ಒಕ್ಕೂಟ 2024ರಲ್ಲಿ ಕಾನೂನು ತಂದಿತು. ಇವರು ಕಾನೂನು ಮಾಡಿ ಮರಳಿ ಕರೆತರುತ್ತಿರುವುದು ನಮ್ಮಲ್ಲಿ ಇನ್ನೂ ಹೋಗಿಯೇ ಇಲ್ಲ. ಆ ಹುಡುಗನಿಗೆ ಕೋಡ್ ಬರೆಯುವ ಗೆಳೆಯ ಸಿಕ್ಕರೆ, ಎಂಜಿನಿಯರಿಂಗ್ ಕಾಲೇಜಿನ ಹುಡುಗಿಗೆ ಅವನ ಮೇಜಿನ ಪಕ್ಕ ಜಾಗ ಸಿಕ್ಕರೆ ಏನೇನಾಗಬಹುದು! ಅವರಿಬ್ಬರೂ ಒಂದೇ ಊರಲ್ಲಿದ್ದಾರೆ, ಆದರೆ ಕೂರಲು ಒಂದು ಜಾಗ ಇಲ್ಲ.

ಜರ್ಮನಿಯ ರೀತಿಯೆಲ್ಲ ನನಗೆ ಹಿಡಿಸುತ್ತದೆ ಅಂತಲ್ಲ. ಇಲ್ಲಿ ಪರಿಚಯವಾಗಲು ಬಹಳ ಹೊತ್ತು ಬೇಕು. ಮೊದಲೇ ಹೇಳದೆ ಯಾರ ಮನೆಗೂ ಹೋಗುವಂತಿಲ್ಲ. ಸಂಘಕ್ಕೆ ಸೇರುವ ಫಾರ್ಮ್ ನೋಡಿಯೇ ಎಷ್ಟೋ ಜನ ವಾಪಸ್ ಹೋಗುತ್ತಾರೆ. "ಬರ್ರಿ, ಕೂಡ್ರಿ, ಚಾ ತಗೋರಿ" ಅನ್ನುವ ನಮ್ಮ ಕಡೆಯ ಮಾತು ಬಾಗಿಲಲ್ಲೇ ಇದ್ದಿದ್ದರೆ ಈ ಕೋಣೆಗಳು ಇನ್ನೂ ತುಂಬಿರುತ್ತಿದ್ದವು.

ಆದರೆ ನಮ್ಮಲ್ಲಿ ಆ ಚಾ ಜೊತೆಗೇ ಒಂದು ಪ್ರಶ್ನೆ ಬರುತ್ತದೆ. ಕಳೆದ ಸಲ ಊರಿಗೆ ಹೋದಾಗ ಸೆನ್ಸರ್ ಪೈಪನ್ನು ಮಾಳಿಗೆ ಮೇಲೆ ಕಟ್ಟುತ್ತಿದ್ದೆ. ನಮ್ಮ ಕಾಕಾ ಕೆಳಗಿನಿಂದ ಕೇಳಿದರು, "ಇದರಿಂದ ರೊಕ್ಕ ಏನ್ ಬರ್ತೈತೆಪಾ ತಮ್ಮಾ?" ಅವರ ಮೇಲೆ ನನಗೆ ಸಿಟ್ಟಿಲ್ಲ. ಬರ ಕಂಡ ಜಿಲ್ಲೆಯಲ್ಲಿ, ಮಳೆ ನೋಡಿಕೊಂಡು ಬಾಳಿದವರು ಕೇಳಲೇಬೇಕಾದ ಪ್ರಶ್ನೆ ಅದು. ನನ್ನ ಉತ್ತರ ಅವರ ದ್ರಾಕ್ಷಿ ತೋಟದಲ್ಲೇ ಇದೆ. ತಿಕೋಟಾ ಕಡೆ ಅಕ್ಟೋಬರ್‌ನಲ್ಲಿ ಚಾಟನಿ ಮಾಡಿದ ಮೇಲೆ, ಅಂದರೆ ಬಳ್ಳಿ ಕತ್ತರಿಸಿದ ಮೇಲೆ, ಮಳೆ ಬಿದ್ದರೆ, ಎಲೆ ಹಸಿಯಾಗಿಯೇ ಉಳಿದರೆ, ಡೌನಿ ರೋಗ ಹಿಡಿಯುತ್ತದೆ. ಔಷಧಿ ಯಾವಾಗ ಹೊಡೆಯಬೇಕು ಅನ್ನುವುದು ಎಲೆ ಎಷ್ಟು ಹೊತ್ತು ಹಸಿಯಿತ್ತು ಅನ್ನುವುದರ ಮೇಲೆ ನಿಂತಿದೆ. ಒಣದ್ರಾಕ್ಷಿ ಶೆಡ್ಡಿನಲ್ಲಿ ಗೊನೆ ಒಣಗಲು ಹಾಕಿದಾಗಲೂ ಗಾಳಿಯ ತೇವವೇ ದೊಡ್ಡ ಚಿಂತೆ. ಇವೆರಡನ್ನೂ ಅಳೆಯುವ ಸೆನ್ಸರ್‌ಗಳು ಆ ಪೈಪಿನೊಳಗಿನ ಬೋರ್ಡಿಗೇ ಹೊಂದುತ್ತವೆ. ದೂಳು ಅಳೆಯಲು ಕಲಿತವನು ತೇವ ಅಳೆಯುವುದನ್ನು ಒಂದು ವಾರದಲ್ಲಿ ಕಲಿಯುತ್ತಾನೆ. ಆದರೆ ಮೊದಲ ದಿನವೇ ರೊಕ್ಕ ಕೇಳಿದರೆ ಅವನು ದೂಳು ಅಳೆಯುವುದನ್ನೂ ಕಲಿಯುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿ ಹೊತ್ತು. ಇಲ್ಲಿಯ ಕಾನೂನಿನಲ್ಲಿ ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಶುರುವಾಗುವ ನಡುವೆ ಹನ್ನೊಂದು ಗಂಟೆ ಬಿಡುವು ಇರಬೇಕು. ಭಾನುವಾರದ ರಜೆಯ ಮಾತು 1919ರ ಸಂವಿಧಾನದಲ್ಲಿತ್ತು, ಈಗಿನ ಸಂವಿಧಾನವೂ ಅದನ್ನು ಹಾಗೇ ಇಟ್ಟುಕೊಂಡಿದೆ. ಊರಿನ ನನ್ನ ಗೆಳೆಯರು ಕೆಲವರು ಕೊರೊನಾ ಕಾಲದಿಂದ ಮನೆಯಿಂದಲೇ ಕೆಲಸ ಮಾಡುತ್ತಾರೆ. ಅಮೆರಿಕದ ಗಿರಾಕಿ ಎದ್ದಾಗ ಇವರ ಮೀಟಿಂಗ್ ಶುರು. ಸಂಜೆ ಏಳಕ್ಕೆ, ಒಂಬತ್ತಕ್ಕೆ, ಕೆಲವೊಮ್ಮೆ ಹನ್ನೊಂದಕ್ಕೆ. ಗೋಲಗುಮ್ಮಟದ ಊರಲ್ಲಿದ್ದೂ ಅವರಿಗೆ ಸಂಜೆ ಅನ್ನುವುದೇ ಇಲ್ಲ. ನಮ್ಮ ಹಿರಿಯರು ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುತ್ತಿರಲಿಲ್ಲ. ಈಗಲೂ ಎಷ್ಟೋ ಮನೆಗಳಲ್ಲಿ ಇಡುವುದಿಲ್ಲ. ಬಿತ್ತನೆ ತಡವಾದರೂ ಸರಿ, ಬಸವಣ್ಣನ ವಾರ ಅಂದರೆ ಬಸವಣ್ಣನ ವಾರ. ಅಷ್ಟು ಗಟ್ಟಿಯಾಗಿ ಎತ್ತಿಗೆ ಬಿಡುವು ಕೊಟ್ಟ ಜನ ತಮ್ಮ ಮಕ್ಕಳ ಸಂಜೆಯನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು. ಕಂಪನಿಗಳು ತಾವಾಗಿ ಕೊಡುವುದಿಲ್ಲ.

ಎಐ ಬಂದ ಮೇಲಂತೂ ಇದು ಇನ್ನೂ ಜರೂರಾಗಿದೆ ಅಂತ ನನ್ನ ಅನಿಸಿಕೆ. ಆಫೀಸಿನಲ್ಲಿ ಈಗ ನಾನು ಬರೆಯುವ ಕೋಡ್ ಕಡಿಮೆ, ಯಂತ್ರ ಬರೆದದ್ದನ್ನು ಓದಿ ಸರಿ ತಪ್ಪು ನೋಡುವುದು ಜಾಸ್ತಿ. ತಪ್ಪು ಹಿಡಿಯಬೇಕಾದರೆ ಒಂದು ಕಾಲದಲ್ಲಿ ಕೈಯಾರೆ ಮಾಡಿರಬೇಕು. ತಂತಿ ಸಡಿಲವಾಗಿತ್ತಾ, ಅಂಕಿ ತಪ್ಪಾಗಿತ್ತಾ ಅಂತ ಹುಡುಕುತ್ತಾ ಕೂತ ಅನುಭವ ಇರಬೇಕು. ಹೊಸ ಹುಡುಗರಿಗೆ ಆ ಅನುಭವ ಆಫೀಸಿನಲ್ಲಿ ಇನ್ನು ಸಿಗುವುದು ಕಷ್ಟ. ಅದಕ್ಕೆ ಆಫೀಸಿನ ಹೊರಗೆ ಜಾಗ ಬೇಕು.

ಜಾಗ ಹೊಸದಾಗಿ ಕಟ್ಟಬೇಕಾಗಿಯೂ ಇಲ್ಲ. ಶಾಲೆಗಳಲ್ಲಿ ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಅಂತ ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಲ್ಲಿ ಬಂತು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ತ್ರೀಡಿ ಪ್ರಿಂಟರ್, ಕೋಡ್ ಬರೆದು ನಡೆಸುವ ಪುಟ್ಟ ಆರ್ಡುಯಿನೋ ಬೋರ್ಡು, ಸೋಲ್ಡರಿಂಗ್ ಸಾಮಾನು ಎಲ್ಲವೂ ಆ ದುಡ್ಡಿನಲ್ಲಿ ಬಂದಿದೆ. ಶಾಲೆ ಬಿಟ್ಟ ಮೇಲೆ ಕೋಣೆಗೆ ಬೀಗ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಇದೆ, 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಹಳ್ಳಿಗಳಲ್ಲಿ ಪಂಚಾಯ್ತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಎಷ್ಟೋ ಕಡೆ ಕಂಪ್ಯೂಟರ್ ಬಂದು ಕೂತಿವೆ. ಅಂದರೆ ಕೋಣೆಯೂ ನಮ್ಮದೇ, ದುಡ್ಡೂ ನಮ್ಮದೇ. ಸಂಜೆ ಆರರಿಂದ ಒಂಬತ್ತರವರೆಗೆ ಬೀಗ ತೆಗೆದು ಕೂರುವವರು ಬೇಕು.

ಸಾಮಾನು ಕಳುವಾದರೆ ಯಾರು ಹೊಣೆ ಅಂತ ಹೆಡ್‌ಮಾಸ್ತರು ಕೇಳುತ್ತಾರೆ. ಕೇಳಬೇಕಾದದ್ದೇ, ಸರ್ಕಾರದ ಆಸ್ತಿ ಅವರ ಸಹಿಯ ಮೇಲೆ ಇರುತ್ತದೆ. ಅದಕ್ಕೇ ನಾನು ಆ ಏಳು ಜನರ ಸಂಘದ ಮಾತು ಹೇಳಿದ್ದು. ಏಳು ಜನ ಸಹಿ ಹಾಕಿ, ಸಾಮಾನಿನ ಪಟ್ಟಿ ಬರೆದು, ಬೀಗದ ಕೈ ಯಾರ ಹತ್ತಿರ ಯಾವ ದಿನ ಇರುತ್ತದೆ ಅಂತ ಗೋಡೆಗೆ ಅಂಟಿಸಿ, ಶಾಲೆಗೆ ಬರೆದುಕೊಟ್ಟರೆ ಹೊಣೆ ಹೆಡ್‌ಮಾಸ್ತರೊಬ್ಬರ ತಲೆಯ ಮೇಲೆ ಉಳಿಯುವುದಿಲ್ಲ. ಆ ಏಳರಲ್ಲಿ ರಿಪೇರಿ ಅಂಗಡಿಯ ಹುಡುಗ ಒಬ್ಬ ಇರಲಿ, ದ್ರಾಕ್ಷಿ ಬೆಳೆಗಾರರು ಒಬ್ಬರು ಇರಲಿ, ಇಬ್ಬರಾದರೂ ಹೆಣ್ಣುಮಕ್ಕಳು ಇರಲಿ. ಗರಡಿಮನೆಯಲ್ಲಿ ಹೆಣ್ಣುಮಕ್ಕಳಿಗೆ ಜಾಗ ಇರಲಿಲ್ಲ, ಇಲ್ಲಿ ಮೊದಲ ದಿನದಿಂದಲೇ ಇರಬೇಕು. ನಾನು ಇಲ್ಲಿಂದ ನಿಯಮಾವಳಿಯ ಕರಡನ್ನು ಕನ್ನಡದಲ್ಲಿ ಬರೆದುಕೊಡುತ್ತೇನೆ, ಮೊದಲ ವರ್ಷದ ವಂತಿಗೆಯಲ್ಲಿ ನನ್ನ ಪಾಲೂ ಇರುತ್ತದೆ. ಸಂಕ್ರಮಣಕ್ಕೆ ಊರಿಗೆ ಬರುತ್ತಿದ್ದೇನೆ. ಜಾತ್ರೆ ಮುಗಿದ ವಾರ ಒಂದೆರಡು ಶಾಲೆಗಳಿಗೆ ಹೋಗಿ ಕೇಳುವುದು ಅಂತ ಗೆಳೆಯರೊಡನೆ ಮಾತಾಗಿದೆ.